ಒಂದೇ ಎಕ್ಸ್-ರೇ, ಎರಡು ಅಳತೆ: ಕುದುರೆಯ ಕುತ್ತಿಗೆಯ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಎರಡು ವರ್ಷದ ಥರೋಬ್ರೆಡ್ ಗಂಡು ಕುದುರೆ ಇತ್ತೀಚೆಗೆ ತಿರುಗುವಾಗ ಹಿಂಗಾಲುಗಳ ಹಿಡಿತ ತಪ್ಪಿದಂತೆ ಓಲಾಡುತ್ತಿದೆ. ಕುತ್ತಿಗೆಯ ಎಕ್ಸ್-ರೇ ನೋಡಿದ ಒಬ್ಬ ವೈದ್ಯರು ಐದನೇ ಕಶೇರುಮಣಿಯ ಅನುಪಾತ 0.50, ಇದು ವಾಬ್ಲರ್ ರೋಗ (ಕುತ್ತಿಗೆಯಲ್ಲಿ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದು ನಡಿಗೆ ಕೆಡುವ ಕಾಯಿಲೆ) ಎಂದರು. ಅದೇ ಚಿತ್ರವನ್ನು ಅಳೆದ ಇನ್ನೊಬ್ಬರು 0.54, ತೊಂದರೆಯಿಲ್ಲ ಎಂದರು. ಯಾರ ಲೆಕ್ಕ ಸರಿ? ಕುದುರೆಯನ್ನು ತರಬೇತಿಗೆ ಕಳುಹಿಸಬಹುದೇ?
– ಓದುಗರು, ಕುಣಿಗಲ್

ಉತ್ತರ: ಇಬ್ಬರೂ ಪ್ರಾಮಾಣಿಕವಾಗಿಯೇ ಅಳೆದಿರಬಹುದು. ಬೆನ್ನುಹುರಿ ಹಾದುಹೋಗುವ ನಾಳವು ಒಂದು ಕಶೇರುಮಣಿಯೊಳಗೆ ಅತಿ ಕಿರಿದಾಗಿರುವ ಕಡೆ ಎಷ್ಟು ಎತ್ತರವಿದೆ ಎಂಬುದನ್ನು, ಅದೇ ಮಣಿಯ ದಪ್ಪ ಭಾಗ ತಲೆಯ ಕಡೆಯ ತುದಿಯಲ್ಲಿ ಎಷ್ಟು ಎತ್ತರವಿದೆ ಎಂಬುದರಿಂದ ಭಾಗಿಸಿದರೆ ಈ ಅನುಪಾತ ಸಿಗುತ್ತದೆ. ಯಂತ್ರ ದೂರವಿದ್ದರೆ ಅಥವಾ ಹತ್ತಿರವಿದ್ದರೆ ಚಿತ್ರದ ಗಾತ್ರ ಬದಲಾಗುತ್ತದೆಯಾದರೂ ಎರಡು ಅಳತೆಗಳೂ ಒಟ್ಟಿಗೆ ಹಿಗ್ಗುವುದರಿಂದ ಅನುಪಾತ ಕೆಡುವುದಿಲ್ಲ. ಈ ವಿಧಾನದ ದೊಡ್ಡ ಅನುಕೂಲ ಇದೇ. 1994ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ನಾಲ್ಕರಿಂದ ಆರನೇ ಮಣಿಯವರೆಗೆ 0.52, ಏಳನೆಯದಕ್ಕೆ 0.56 ಎಂಬ ಗಡಿಗಳನ್ನು ಸೂಚಿಸಿತು. ಅದಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆಯೆಂಬ ಸಂಶಯ ಬಲವಾಗುತ್ತದೆ.

ಈಗ ನಿಮ್ಮ ಕುದುರೆಯ ಲೆಕ್ಕಕ್ಕೆ ಬರೋಣ. ನಾಳ 20 ಮಿ.ಮೀ., ಮಣಿ 40 ಮಿ.ಮೀ. ಎಂದು ಓದಿದರೆ ಅನುಪಾತ 0.50. ಎರಡನೆಯವರು ನಾಳದ ಗೆರೆಯನ್ನು ಒಂದೇ ಒಂದು ಮಿಲಿಮೀಟರ್ ಮೇಲಕ್ಕೂ, ಮಣಿಯ ಗೆರೆಯನ್ನು ಅಷ್ಟೇ ಒಳಕ್ಕೂ ಇಟ್ಟರೆ 21ನ್ನು 39ರಿಂದ ಭಾಗಿಸಬೇಕಾಗುತ್ತದೆ, ಉತ್ತರ 0.54. ರೋಗ ಇದೆ, ಇಲ್ಲ ಎಂಬ ಎರಡು ತೀರ್ಪುಗಳ ನಡುವೆ ಇರುವುದು ಇಷ್ಟೇ ಅಂತರ. ಒಬ್ಬರೇ ಮತ್ತೆ ಮತ್ತೆ ಅಳೆದಾಗಿನ ವ್ಯತ್ಯಾಸಕ್ಕಿಂತ ಬೇರೆ ಬೇರೆಯವರು ಅಳೆದಾಗಿನ ವ್ಯತ್ಯಾಸ ಸಾಮಾನ್ಯವಾಗಿ ಹೆಚ್ಚು. ಗಡಿಯಿಂದ ಬಹಳ ದೂರವಿರುವ ಅಂಕಿಗಳಿಗೆ ಇದರಿಂದ ಬಾಧಕವಿಲ್ಲ. ಗಡಿಯ ಅಕ್ಕಪಕ್ಕದ ಅಂಕಿಯನ್ನು ಮಾತ್ರ ನಾನು ತೀರ್ಪೆಂದು ಒಪ್ಪುವುದಿಲ್ಲ.

ಗೆರೆ ಎಲ್ಲಿಡಬೇಕೆಂಬ ಗೊಂದಲ ಹುಟ್ಟುವುದು ಹೆಚ್ಚಾಗಿ ಚಿತ್ರ ತೆಗೆಯುವಾಗಲೇ. ಮಂಪರಿನ ಔಷಧ ಕೊಟ್ಟ ಕುದುರೆ ತಲೆ ಇಳಿಬಿಟ್ಟು, ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಾಗ ಕುತ್ತಿಗೆ ಸ್ವಲ್ಪ ತಿರುಚಿಕೊಳ್ಳುತ್ತದೆ. ಆಗ ಎಡ ಬಲಗಳ ಚಾಚುಮೂಳೆಗಳು ಒಂದರ ಮೇಲೊಂದು ಕೂರದೆ ಜೋಡಿಯಾಗಿ ಕಾಣುತ್ತವೆ, ನಾಳದ ಅಂಚೂ ಎರಡು ಗೆರೆಯಾಗಿ ಒಡೆಯುತ್ತದೆ. ಒಬ್ಬರು ಒಳಗಿನ ಗೆರೆ ಹಿಡಿಯುತ್ತಾರೆ, ಇನ್ನೊಬ್ಬರು ಹೊರಗಿನದನ್ನು. ಡಿಜಿಟಲ್ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಮಸುಕು ಅಂಚು ಮಸುಕಾಗಿಯೇ ಉಳಿಯುತ್ತದೆ. ಭುಜದ ಮಾಂಸಖಂಡಗಳ ಮರೆಯಲ್ಲಿರುವ ಏಳನೇ ಮಣಿಯ ಪಾಡಂತೂ ಹೇಳುವುದೇ ಬೇಡ.

ಆದ್ದರಿಂದ ತಲೆ ಕುತ್ತಿಗೆಗಳನ್ನು ನೇರವಾಗಿರಿಸಿ ಚಿತ್ರವನ್ನು ಮತ್ತೆ ತೆಗೆಸಿ, ಒಬ್ಬರ ಅಂಕಿ ಇನ್ನೊಬ್ಬರಿಗೆ ತಿಳಿಯದಂತೆ ಇಬ್ಬರಿಂದಲೂ ಅಳೆಸಿ. ಅದಕ್ಕಿಂತ ಮುಖ್ಯವಾದುದು ನರಪರೀಕ್ಷೆ: ಕಿರಿದಾದ ಸುತ್ತು ಹಾಕಿಸುವುದು, ಹಿಂದಕ್ಕೆ ನಡೆಸುವುದು, ತಲೆ ಎತ್ತಿಸಿ ಇಳಿಜಾರಿನಲ್ಲಿ ನಡೆಸುವುದು, ನಡೆಯುವಾಗ ಬಾಲವನ್ನು ಪಕ್ಕಕ್ಕೆ ಎಳೆದು ನೋಡುವುದು. ನಮ್ಮ ದೇಶದಲ್ಲಿ ರಕ್ತದ ಪರಾವಲಂಬಿಯಿಂದ ಬರುವ ಸರ್ರಾ ರೋಗವೂ, ಸೊಳ್ಳೆಯಿಂದ ಹರಡುವ ದನದ ಹುಳುವಿನ ಮರಿಗಳು ನರಮಂಡಲ ಹೊಕ್ಕು ಬರುವ ಕುಮ್ರಿ ರೋಗವೂ ಹಿಂಗಾಲುಗಳನ್ನು ಕೆಡಿಸುತ್ತವೆ. ಅನುಪಾತ ಕಡಿಮೆಯಿದೆಯೆಂದು ಇವನ್ನು ಮರೆತು ಕೂರಬಾರದು. ಪಕ್ಕದಿಂದ ತೆಗೆದ ಚಿತ್ರ ಎಡ ಬಲಗಳಿಂದ ಬೀಳುವ ಒತ್ತಡವನ್ನಾಗಲಿ, ಕತ್ತು ಬಾಗಿದಾಗ ಮಾತ್ರ ಬೀಳುವ ಒತ್ತಡವನ್ನಾಗಲಿ ತೋರಿಸದು, ಒತ್ತಡ ಯಾವ ಮಣಿಯ ಬಳಿಯಿದೆ ಎಂಬುದನ್ನೂ ನಿಖರವಾಗಿ ಹೇಳದು. ಶಸ್ತ್ರಚಿಕಿತ್ಸೆಯ ಯೋಚನೆಯಿದ್ದರೆ ಅರಿವಳಿಕೆ ಕೊಟ್ಟು, ಬೆನ್ನುಹುರಿಯ ಸುತ್ತ ಬಣ್ಣದ್ರವ ಸೇರಿಸಿ ತೆಗೆಯುವ ಮೈಲೋಗ್ರಾಮ್ ಬೇಕಾಗುತ್ತದೆ. ಅದಕ್ಕೆ ಅದರದೇ ಅಪಾಯಗಳಿವೆ.

ತರಬೇತಿಯ ವಿಷಯದಲ್ಲಿ ಅನುಪಾತಕ್ಕಾಗಿ ಕಾಯಬೇಕಿಲ್ಲ. ಓಲಾಡುವ ಕುದುರೆ ಸವಾರನ ಮೇಲೆಯೇ ಬೀಳಬಹುದು. ನರಪರೀಕ್ಷೆ ಮುಗಿಯುವವರೆಗೆ ಯಾರನ್ನೂ ಅದರ ಮೇಲೆ ಹತ್ತಿಸಬೇಡಿ.

ಪ್ರಶ್ನೆ: ಹಾಗಾದರೆ ಕೊಳ್ಳುವ ಮುನ್ನ ಪ್ರತಿಯೊಂದು ಕುದುರೆಯ ಕುತ್ತಿಗೆಯನ್ನೂ ಅಳೆಸುವುದು ಒಳ್ಳೆಯದಲ್ಲವೇ?
– ಓದುಗರು, ಬೆಂಗಳೂರು

ಉತ್ತರ: ನನ್ನ ಅಭಿಪ್ರಾಯದಲ್ಲಿ ಅಲ್ಲ. ಮೇಲಿನ ಅಧ್ಯಯನದಲ್ಲಿ ಈ ಗಡಿಗಳು ರೋಗವಿದ್ದವನ್ನೂ ಇಲ್ಲದವನ್ನೂ ಶೇ. 89 ಅಥವಾ ಅದಕ್ಕಿಂತ ಹೆಚ್ಚು ಸರಿಯಾಗಿ ಗುರುತಿಸಿದ್ದವು. ಶೇ. 89 ಎಂದೇ ಹಿಡಿದು, ನೂರು ಕುದುರೆಗಳಲ್ಲಿ ಐದಕ್ಕೆ ಮಾತ್ರ ರೋಗವಿದೆ ಎಂದುಕೊಳ್ಳಿ. ಆ ಐದರಲ್ಲಿ ನಾಲ್ಕೈದು ಸಿಕ್ಕಿಬೀಳುತ್ತವೆ, ಉಳಿದ ತೊಂಬತ್ತೈದರಲ್ಲಿ ಸುಮಾರು ಹತ್ತು ಆರೋಗ್ಯವಂತ ಕುದುರೆಗಳೂ ರೋಗಿಷ್ಠವೆನಿಸಿಕೊಳ್ಳುತ್ತವೆ. ನಡಿಗೆಯಲ್ಲಿ ದೋಷ ಕಂಡ ಕುದುರೆಗೆ ಮಾತ್ರ ಈ ಅಳತೆ ಮಾಡಿಸಿ.