ಚೋಳಮಂಡಲ ಕಲಾಗ್ರಾಮಕ್ಕೆ ದುಡ್ಡು ಎಲ್ಲಿಂದ ಬಂತು?

ನೀವು ಕೇಳಿರುವುದು ಎರಡು ಪ್ರಶ್ನೆ. ಕಲಾವಿದರೇ ಮನೆ ಕಟ್ಟಿಕೊಂಡು ನೆಲೆಸಿದ ಊರು, ಚೆನ್ನೈ ಹತ್ತಿರದ ಚೋಳಮಂಡಲವನ್ನು ಕೈಯಲ್ಲಿ ಕಾಸಿಲ್ಲದವರು ಕಟ್ಟಿದ್ದು ಹೇಗೆ? ಅಂಥದ್ದನ್ನು ಈಗ ಕಟ್ಟಬಹುದೇ? ಮೊದಲನೆಯದಕ್ಕೆ ಒಂದೇ ಪದದ ಉತ್ತರ: ಬಾಟಿಕ್. ಅಂದರೆ ಬಟ್ಟೆಯ ಮೇಲೆ ಕಾದ ಮೇಣದಿಂದ ಚಿತ್ರ ಬರೆದು ಬಣ್ಣಕ್ಕೆ ಅದ್ದುವ ಕಸುಬು; ಮೇಣ ಬಿದ್ದಲ್ಲಿ ಬಣ್ಣ ಹಿಡಿಯುವುದಿಲ್ಲ.

1950-60ರ ದಶಕದ ಮದ್ರಾಸಿನ ಸ್ಥಿತಿ ನೋಡಿ. 1850ರಲ್ಲಿ ಶುರುವಾದ ಕಲಾಶಾಲೆ ಅಲ್ಲಿತ್ತು, ಆದರೆ ಚಿತ್ರ ಕೊಳ್ಳುವವರಿರಲಿಲ್ಲ. ಕೊಳ್ಳುವವರು ಮುಂಬಯಿ, ದೆಹಲಿಯಲ್ಲಿದ್ದರು. ಐದಾರು ವರ್ಷ ಕಲಿತವರು ಡ್ರಾಯಿಂಗ್ ಮೇಷ್ಟ್ರೋ ಜವಳಿ ವಿನ್ಯಾಸಗಾರರೋ ಆಗಿ ಕುಂಚ ಕೆಳಗಿಡುತ್ತಿದ್ದರು. 1957ರಲ್ಲಿ ದೇವಿಪ್ರಸಾದ್ ರಾಯ್ ಚೌಧರಿಯವರ ನಂತರ ಆ ಶಾಲೆಯ ಪ್ರಿನ್ಸಿಪಾಲರಾದ, ಮುಂದೆ ಚೋಳಮಂಡಲದ ಮುಂದಾಳಾದ ಚಿತ್ರಕಾರ ಕೆ.ಸಿ.ಎಸ್. ಪಣಿಕ್ಕರ್ ಅವರನ್ನು ಕಾಡಿದ್ದು ಇದೇ. ಅವರು 1944ರಲ್ಲೇ ಪ್ರೊಗ್ರೆಸಿವ್ ಪೇಂಟರ್ಸ್ ಅಸೋಸಿಯೇಷನ್ ಕಟ್ಟಿದ್ದರು, ಆದರೆ ಪ್ರದರ್ಶನಗಳಿಂದ ಹೊಟ್ಟೆ ತುಂಬುವುದಿಲ್ಲವಲ್ಲ. ಆಮೇಲೆ ಬಂದದ್ದು ಕಲಾವಿದರದೇ ಕರಕುಶಲ ಸಂಘ. ಹೊಟ್ಟೆಪಾಡಿಗೆ ಕೈಕಸುಬು ಮಾಡುವುದು, ಚಿತ್ರವನ್ನು ಮಾತ್ರ ಗಿರಾಕಿಯ ರುಚಿಗೆ ಬಗ್ಗಿಸದಿರುವುದು ಅದರ ಲೆಕ್ಕಾಚಾರ.

ಬಾಟಿಕ್ ಯಾಕೆ ಅಂದರೆ ಬಂಡವಾಳ ಕಡಿಮೆ. ಮಗ್ಗ ಬೇಡ, ಕುಲುಮೆ ಬೇಡ. ಬಟ್ಟೆ, ಮೇಣ, ಒಲೆ, ಬಣ್ಣದ ತೊಟ್ಟಿ ಇದ್ದರೆ ಸಾಕು. ಚಿತ್ರ ಬರೆಯುವ ಕೈ ಹೇಗೂ ಇತ್ತು. ಮೊದಲು ಬಟ್ಟೆಯ ಗಂಜಿ ಪೂರ್ತಿ ತೊಳೆಯಬೇಕು, ಇಲ್ಲದಿದ್ದರೆ ಬಣ್ಣ ತೇಪೆತೇಪೆಯಾಗಿ ಹಿಡಿಯುತ್ತದೆ. ಜೇನುಮೇಣ ಬಟ್ಟೆಗೆ ಅಂಟುತ್ತದೆ, ಪ್ಯಾರಾಫಿನ್ ಬಿರಿಯುತ್ತದೆ. ಬಿರುಕಿಗೆ ಬಣ್ಣ ಇಳಿದು ಮೂಡುವ ನರನರ ಗೆರೆಗಳು ಹೆಚ್ಚು ಬೇಕೆಂದರೆ ಪ್ಯಾರಾಫಿನ್ ಹೆಚ್ಚಿಸಬೇಕು. ಬಿಸಿ ಸರಿಯಿದ್ದರೆ ಮೇಣ ಬಿದ್ದ ಜಾಗ ಎಣ್ಣೆ ಕಾಗದದಂತೆ ಪಾರದರ್ಶಕವಾಗುತ್ತದೆ. ಬಿಳಿಯಾಗಿ ಮೇಲೆಯೇ ಕೂತರೆ ಮೇಣ ಆರಿದೆ ಎಂದರ್ಥ, ಅಡಿಯಿಂದ ಬಣ್ಣ ನುಗ್ಗುವುದು ಖಂಡಿತ. ಬಿಸಿ ಅತಿಯಾದರೆ ಗೆರೆ ಹರಡುತ್ತದೆ. ಬಣ್ಣ ತಣ್ಣೀರಿನದೇ ಆಗಬೇಕು, ಬಿಸಿನೀರು ಮೇಣ ಕರಗಿಸಿಬಿಡುತ್ತದೆ. ಮೊದಲು ತಿಳಿ ಬಣ್ಣ, ಕೊನೆಗೆ ಗಾಢ. ಮಧ್ಯೆ ತಪ್ಪಿದರೆ ಹಿಂದಕ್ಕೆ ಹೋಗುವ ದಾರಿಯಿಲ್ಲ. ಕೊನೆಯಲ್ಲಿ ಕುದಿಯುವ ನೀರಿಗೆ ಹಾಕಿದಾಗ ತೇಲಿ ಬರುವ ಮೇಣವನ್ನು ಕೆನೆಯ ಹಾಗೆ ಎತ್ತಿಟ್ಟು ಮತ್ತೆ ಬಳಸಬಹುದು. ಖರ್ಚು ಹಿಡಿತದಲ್ಲಿರುವುದು ಇಲ್ಲೇ.

ಈ ಮಾರಾಟದ ಹಣವೇ ನೆಲವಾಯಿತು. ನಗರದ ದಕ್ಷಿಣಕ್ಕೆ, ಇಂಜಂಬಾಕ್ಕಂನಲ್ಲಿ ಸಮುದ್ರದ ಪಕ್ಕ ಸುಮಾರು 10 ಎಕರೆ. ಕಲಾಗ್ರಾಮ ಶುರುವಾದದ್ದು 1966ರಲ್ಲಿ, ಜೊತೆಗೂಡಿದವರು ಸುಮಾರು 30 ಮಂದಿ. ಆಗ ಅದು ಬರೀ ಮರಳು. ಅದಕ್ಕೇ ಅಗ್ಗಕ್ಕೆ ಸಿಕ್ಕಿತು ಅನ್ನಿ. ಮನೆಗಳನ್ನು ಅವರವರೇ ಕಟ್ಟಿಕೊಂಡರು. ಮೈಸೂರಿನ ಚಿತ್ರಕಾರ ಎಸ್.ಜಿ. ವಾಸುದೇವ್ ಕೂಡ ಈ ಮೊದಲ ಗುಂಪಿನವರೇ.

ಕಸುಬು ಬರೀ ಅನ್ನಕ್ಕಾಗಿ ಉಳಿಯಲಿಲ್ಲ ಎಂಬುದೇ ನನಗೆ ಇಲ್ಲಿನ ಮುಖ್ಯ ಸಂಗತಿ. ಲೋಹದ ಕೆಲಸ ನೋಡಿ. ತಾಮ್ರದ ತಗಡನ್ನು ಕಾಯಿಸಿ ಮೆದು ಮಾಡಿ, ಹಿಂದಿನಿಂದ ಬಡಿದು ಉಬ್ಬಿಸುತ್ತಾರೆ. ಬಡಿದಷ್ಟೂ ತಗಡು ಗಡುಸಾಗುತ್ತದೆ, ಆಗಾಗ ಮತ್ತೆ ಕಾಯಿಸದಿದ್ದರೆ ಸೀಳುತ್ತದೆ. ಇಲ್ಲಿನ ಶಿಲ್ಪಿಗಳಾದ ಪಿ.ವಿ. ಜಾನಕಿರಾಮ್, ಪಣಿಕ್ಕರ್ ಅವರ ಮಗ ಎಸ್. ನಂದಗೋಪಾಲ್ ಇಂಥ ಬಡಿತ, ಬೆಸುಗೆಯಿಂದಲೇ ಎದುರಿನಿಂದ ಮಾತ್ರ ನೋಡಬೇಕಾದ ಶಿಲ್ಪವೊಂದನ್ನು ರೂಪಿಸಿದರು. ಈ ಕಲಾಶಾಲೆಯ ಸುತ್ತ ಬೆಳೆದ ಮದ್ರಾಸ್ ಶೈಲಿ ಎಂದೊಡನೆ ನೆನಪಾಗುವುದರಲ್ಲಿ ಅದೂ ಒಂದು. ವಾಸುದೇವ್ ಅವರ ತಾಮ್ರದ ಉಬ್ಬುಚಿತ್ರಗಳ ಬೇರೂ ಕಸುಬಿನಲ್ಲಿದೆ. ಕಲೆ ಬೇರೆ ಕರಕುಶಲ ಬೇರೆ ಎಂದು ಮೂಗು ಮುರಿಯುವವರು ಈ ಕೆಲಸಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ತೊಡಕುಗಳೂ ಇದ್ದವು. ಬಾಟಿಕ್‌ಗಿದ್ದ ಫ್ಯಾಷನ್ ಇಳಿಯಿತು. ಬಿರುಕಿನ ಗೆರೆಗಳನ್ನು ಯಂತ್ರವೇ ಅಚ್ಚು ಹಾಕತೊಡಗಿದ ಮೇಲೆ ಕೈಕೆಲಸದ ಬೆಲೆ ಕೇಳುವುದು ಕಷ್ಟ. ಇಲ್ಲಿನ ಚಿತ್ರಕಾರರಾದ ವಿಶ್ವನಾಧನ್, ಅಕ್ಕಿತ್ತಂ ನಾರಾಯಣನ್ ಪ್ಯಾರಿಸ್ಸಿಗೆ ಹೋದರು. ಪಣಿಕ್ಕರ್ 1977ರಲ್ಲಿ ತೀರಿಕೊಂಡರು. ವಾಸುದೇವ್ 1988ರಲ್ಲಿ ಬೆಂಗಳೂರಿಗೆ ಬಂದರು. ಉಪ್ಪುಗಾಳಿಯ ಕಾಟ ಬೇರೆ: ಕಬ್ಬಿಣ ತುಕ್ಕು, ತಾಮ್ರ ಹಸಿರು, ಕಾಗದಕ್ಕೆ ಬೂಷ್ಟು. ಎಲ್ಲಕ್ಕಿಂತ ದೊಡ್ಡ ತೊಡಕು ನೆಲದ್ದು. ಈಸ್ಟ್ ಕೋಸ್ಟ್ ರೋಡ್ ಬಂದ ಮೇಲೆ ಊರು ಚೆನ್ನೈಯೊಳಗೇ ಸೇರಿತು, ಸುತ್ತಲಿನ ಬೆಲೆ ಹೊಸ ಕಲಾವಿದರ ಕೈಗೆಟುಕುವಂತಿಲ್ಲ. 2009ರಲ್ಲಿ ತೆರೆದ ಮ್ಯೂಸಿಯಂ ಮದ್ರಾಸ್ ಕಲಾ ಚಳವಳಿಯನ್ನು ಒಂದೆಡೆ ತೋರಿಸುತ್ತದೆ, ಚೆನ್ನಾಗಿಯೇ ಇದೆ. ಆದರೆ ಮ್ಯೂಸಿಯಂ ಇದ್ದ ಮಾತ್ರಕ್ಕೆ ಮುಂದಿನ ತಲೆಮಾರು ಅಲ್ಲಿಗೆ ಬಂದು ನೆಲೆಸುವುದಿಲ್ಲ.

ಇನ್ನು ಎರಡನೆಯ ಪ್ರಶ್ನೆ, ಅಂಥದ್ದನ್ನು ಈಗ ಕಟ್ಟಬಹುದೇ? ಆಗುತ್ತದೆ, ಆದರೆ ಜನ ಸಾಮಾನ್ಯವಾಗಿ ತಲೆಕೆಳಗಾಗಿ ಶುರುಮಾಡುತ್ತಾರೆ: ಮೊದಲು ಜಾಗ, ಆಮೇಲೆ ಆದಾಯ. ಚೋಳಮಂಡಲದಲ್ಲಿ ಮೊದಲು ಸರಕು ಮಾರಾಟವಾಯಿತು, ಆಮೇಲೆ ಜಾಗ ಬಂತು. ಎರಡು ವರ್ಷವಾದರೂ ಒಟ್ಟಿಗೆ ಒಂದು ಸರಕು ಮಾಡಿ ಮಾರಿ ನೋಡಿ. ಲೆಕ್ಕದ ವಿಷಯಕ್ಕೆ ಜಗಳವಾಗುವುದಿದ್ದರೆ ಆಗಲೇ ಆಗಿಹೋಗುತ್ತದೆ. ಸರಕಿನ ಲೆಕ್ಕವನ್ನೂ ಚಿತ್ರದ ಲೆಕ್ಕವನ್ನೂ ಬೆರೆಸಬೇಡಿ. ಸದಸ್ಯರೊಬ್ಬರು ಊರು ಬಿಟ್ಟರೆ, ತೀರಿಕೊಂಡರೆ, ಮಕ್ಕಳು ಕಲಾವಿದರಾಗದಿದ್ದರೆ ಸೈಟು ಯಾರಿಗೆ, ಯಾವ ಬೆಲೆಗೆ ಎಂಬುದನ್ನು ಜಾಗ ನೋಂದಣಿಯಾಗುವ ಮೊದಲೇ ಬೈಲಾದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿಕೊಳ್ಳಿ. ನೆಲದ ಬೆಲೆ ಏರಿದ ಮೇಲೆ ಆ ಸಹಿಗೆ ಯಾರೂ ಒಪ್ಪುವುದಿಲ್ಲ.