ಆರು ಶತಮಾನ ಬೇಡ, ಎರಡು ಬಟ್ಟೆ ಸಾಕು

ನಮಸ್ಕಾರ,

ಮಧ್ಯಯುಗದ ರಷ್ಯಾದ ಕಸೂತಿ, ಉಡುಗೆ ಮತ್ತು ಚರ್ಚಿನ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ಒಳಗೆ ಒಳ್ಳೆಯ ಕಥೆಯೊಂದು ಸಿಕ್ಕಿಕೊಂಡಿದೆ.

988ರಲ್ಲಿ ಕೀವ್‌ನ ವ್ಲಾದಿಮಿರ್ ಕ್ರೈಸ್ತನಾದ ಕಡೆಯಿಂದ ಹೊರಟು, 1589ರಲ್ಲಿ ಮಾಸ್ಕೋಗೆ ತನ್ನದೇ ಪೇಟ್ರಿಯಾರ್ಕ್, ಅಂದರೆ ಚರ್ಚಿನ ಪರಮಗುರು, ಬಂದಲ್ಲಿಗೆ ನಿಲ್ಲಿಸಿದ್ದೀರಿ. ಇಸವಿಗಳು ಸರಿಯಾಗಿವೆ. ಆದರೆ ಒಂದು ಬಟ್ಟೆಯೂ ಕಣ್ಣಿಗೆ ಕಾಣುವುದಿಲ್ಲ.

ನಿಮ್ಮ ಎರಡನೇ ಪುಟದಲ್ಲಿ 1498ರ ಎಲೆನಾಳ ಕಸೂತಿ ಬಟ್ಟೆ ಇದೆ. ಏಳನೇ ಪುಟದಲ್ಲಿ 1499ರ ಸೋಫಿಯಾಳ ಬಟ್ಟೆ. ಎರಡಕ್ಕೂ ಮೂರು ಮೂರು ಸಾಲು. ಇವರಿಬ್ಬರೂ ಒಂದೇ ಮನೆಯವರು ಅಂತ ನೀವು ಹೇಳಲೇ ಇಲ್ಲ! ಸೋಫಿಯಾ ಮಾಸ್ಕೋ ಆಳುತ್ತಿದ್ದ ಮೂರನೇ ಇವಾನನ ಎರಡನೇ ಹೆಂಡತಿ. ಎಲೆನಾ ಅವನ ಮೊದಲ ಹೆಂಡತಿಯ ಮಗನ ವಿಧವೆ. ಜಗಳ ಇದ್ದದ್ದು ಪಟ್ಟಕ್ಕೆ: ಸೋಫಿಯಾಳ ಮಗ ವಾಸಿಲಿಗೋ, ಎಲೆನಾಳ ಮಗ ದ್ಮಿತ್ರಿಗೋ? 1498ರ ಫೆಬ್ರವರಿಯಲ್ಲಿ ಅಜ್ಜ ಮೊಮ್ಮಗ ದ್ಮಿತ್ರಿಗೆ ಕಿರೀಟ ತೊಡಿಸಿದ. ಎಲೆನಾಳ ಬಟ್ಟೆ ಅದೇ ವರ್ಷದ್ದು. ಅದರಲ್ಲಿ ದೇವಮಾತೆಯ ಐಕಾನ್ (ಪೂಜೆಯ ಚಿತ್ರಪಟ) ಹೊತ್ತ ಮೆರವಣಿಗೆ, ಜೊತೆಗೆ ಅರಮನೆಯವರೆಲ್ಲ. ಎದೆಯ ಮೇಲೆ ದುಂಡನೆಯ ರಾಜಚಿಹ್ನೆ ಇರುವ ಹೆಂಗಸೇ ಸೋಫಿಯಾ ಎಂದು ಸಂಶೋಧಕರು ಗುರುತಿಸುತ್ತಾರೆ. ಇದು ಅವರ ಊಹೆ, ಹಾಗೆಂದೇ ಬರೆಯಿರಿ.

ಮರುವರ್ಷ ಸೋಫಿಯಾ ತ್ರೋಯಿತ್ಸ ಮಠಕ್ಕೆ ಬಟ್ಟೆ ಕೊಟ್ಟಳು. ನಡುವೆ ದೊಡ್ಡ ಶಿಲುಬೆ. ಅದರ ಮೇಲಿನ ಬರಹದಲ್ಲಿ ತನ್ನನ್ನು ‘ತ್ಸಾರ್‌ಗ್ರಾದಿನ ರಾಜಕುಮಾರಿ’ ಎಂದು ಕರೆದುಕೊಂಡಿದ್ದಾಳೆ. ಅಂದರೆ ಕಾನ್‌ಸ್ಟಾಂಟಿನೋಪಲ್‌ನ ರಾಜಮನೆತನದವಳು. ಆ ಊರು 1453ರಲ್ಲೇ ತುರ್ಕರ ಪಾಲಾಗಿತ್ತು, ಅವಳು ಮದುವೆಯಾಗಿ ಮಾಸ್ಕೋಗೆ ಬಂದೇ 27 ವರ್ಷವಾಗಿತ್ತು. ಆದರೂ ತವರಿನ ಹೆಸರನ್ನೇ ಮುಂದಿಟ್ಟಳು. 1502ರಲ್ಲಿ ಎಲ್ಲ ತಿರುಗಿಬಿತ್ತು. ಎಲೆನಾ, ದ್ಮಿತ್ರಿ ಇಬ್ಬರೂ ಸೆರೆಯಾದರು. ಎಲೆನಾ 1505ರಲ್ಲಿ ಸೆರೆಯಲ್ಲೇ ಸತ್ತಳು, ಅದೇ ವರ್ಷ ವಾಸಿಲಿ ಆಳಲು ಕೂತ. ನಿಮಗೆ ಬೇಕಾದ ಚರ್ಚು, ಉಡುಗೆ, ರಾಜಕೀಯ ಎಲ್ಲ ಇದರಲ್ಲೇ ಇದೆ, ಅಲ್ವಾ?

ಇನ್ನು ಕೆಲಸದ ಮಾತು. ‘ಚಿನ್ನದ ದಾರದಿಂದ ಅಂದವಾಗಿ ಹೆಣೆದಿದ್ದಾರೆ’ ಎಂದರೆ ಓದುಗರಿಗೆ ಏನೂ ತಿಳಿಯುವುದಿಲ್ಲ. ಆ ದಾರ ನಮ್ಮ ಹಳೆಯ ರೇಷ್ಮೆ ಸೀರೆಯ ಜರಿಯ ಹಾಗೆ: ರೇಷ್ಮೆ ಎಳೆಗೆ ಚಿನ್ನದ ನೀರು ಕೊಟ್ಟ ಬೆಳ್ಳಿಯ ತೆಳು ಪಟ್ಟಿ ಸುತ್ತಿದ್ದು. ಅದನ್ನು ಸೂಜಿಯಲ್ಲಿ ಬಟ್ಟೆಯ ಆಚೀಚೆ ಎಳೆಯುವುದಿಲ್ಲ, ಎಳೆದರೆ ಸುತ್ತು ಬಿಚ್ಚಿಕೊಳ್ಳುತ್ತದೆ. ಬಟ್ಟೆಯ ಮೇಲೆ ಸಾಲಾಗಿ ಹಾಸಿ, ಸಣ್ಣ ರೇಷ್ಮೆ ಹೊಲಿಗೆಯಿಂದ ಅಲ್ಲಲ್ಲಿ ಹಿಡಿಸುತ್ತಾರೆ. ಆ ಹೊಲಿಗೆಗಳನ್ನು ಹೇಗೆ ಸಾಲಿಡುತ್ತಾರೋ ಹಾಗೆ ಚಿನ್ನದ ಮೇಲೆ ವಿನ್ಯಾಸ ಏಳುತ್ತದೆ. ಸಂತರ ಮುಖಕ್ಕೆ ಮಾತ್ರ ಮೈಬಣ್ಣದ ರೇಷ್ಮೆ. ಹಾಗಾಗಿ ‘ನಮ್ಮ ಧಾರವಾಡದ ಕಸೂತಿಯಂತೆಯೇ’ ಎಂಬ ಸಾಲು ತೆಗೆಯಿರಿ. ನಮ್ಮದು ಎಳೆ ಎಣಿಸಿ ಹಾಕುವುದು, ಅದರ ಕೆಲವು ಹೊಲಿಗೆಗಳು ಹಿಂದೆ ಮುಂದೆ ಒಂದೇ ಥರ ಕಾಣುವುದು. ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಬೀದರಿಗೆ ಬಂದದ್ದು ಇದೇ ಇವಾನನ ಕಾಲದಲ್ಲಿ, ನಿಜ. ಅವನನ್ನೂ ಇದಕ್ಕೆ ಗಂಟು ಹಾಕಬೇಡಿ.

ಅರಮನೆಯ ಹೆಂಗಸರಿಗೆ ಕೊಕೋಶ್ನಿಕ್ ಎಂಬ ತಲೆಯುಡುಗೆ, ಸರಾಫಾನ್ ಎಂಬ ತೋಳಿಲ್ಲದ ನಿಲುವಂಗಿ ತೊಡಿಸಿದ್ದೀರಿ. ಚಿತ್ರಗಳಲ್ಲಿ ಕಾಣುವ ಆ ಜೋಡಿ ಜಾಸ್ತಿ 18–19ನೇ ಶತಮಾನದ ಹಳ್ಳಿಗಳದ್ದು. 15ನೇ ಶತಮಾನಕ್ಕೆ ಅಗಲ ತೋಳಿನ ಲೆತ್ನಿಕ್ ಎಂಬ ನಿಲುವಂಗಿ ಇಡಿ, ಮದುವೆಯಾದವರ ತಲೆಗೆ ಉಬ್ರುಸ್ ಎಂಬ ಬಟ್ಟೆ ಹೊದಿಸಿ.

ರಾಜಮನೆತನದ ಎವ್‌ಫ್ರೋಸಿನಿಯಾ ಸ್ತಾರಿತ್ಸ್ಕಾಯಾ ಬಗ್ಗೆ ಬರೆದದ್ದನ್ನು ಬೇರೆ ಎತ್ತಿಡಿ. 1561ರಲ್ಲಿ ಮಠಕ್ಕೆ ಕ್ರಿಸ್ತನ ಶವದ ಚಿತ್ರವಿರುವ ಕಸೂತಿ ವಸ್ತ್ರ ಕೊಟ್ಟು, 1563ರಲ್ಲಿ ಬಲವಂತಕ್ಕೆ ಸನ್ಯಾಸಿನಿಯಾದವಳು ಅವಳು. ಅವಳಿಗೆ ಇನ್ನೊಂದು ಲೇಖನವೇ ಬೇಕು, ಅದನ್ನೂ ನೀವೇ ಬರೆಯಬೇಕು.

ಈಗ ಎರಡು ಬಟ್ಟೆಗಳನ್ನಷ್ಟೇ ಇಟ್ಟುಕೊಂಡು ಹೊಸದಾಗಿ ಬರೆದು ಕಳಿಸಿ. ಎಲೆನಾಳದ್ದು ಮಾಸ್ಕೋದ ಐತಿಹಾಸಿಕ ವಸ್ತುಸಂಗ್ರಹಾಲಯದಲ್ಲಿದೆ, ಸೋಫಿಯಾಳದ್ದು ತ್ರೋಯಿತ್ಸ ಮಠವಿರುವ ಊರು ಸೆರ್ಗಿಯೆವ್ ಪೊಸಾದ್‌ನಲ್ಲಿ. ಚಿತ್ರಗಳಿಗೆ ಅನುಮತಿ ಕೇಳುವ ಪತ್ರ ನಾವೇ ಬರೆಯುತ್ತೇವೆ.

— ಸಂಪಾದಕ