ಸರ್ವರ್‌ನ ಐಪಿ ಬದಲಾಯಿಸಿದೆ, ಡಿಎನ್‌ಎಸ್‌ನಲ್ಲಿ (ಹೆಸರು ಕೊಟ್ಟರೆ ಐಪಿ ಹೇಳುವ ವ್ಯವಸ್ಥೆ) ಇನ್ನೂ ಹಳೇದೇ ಇದೆ. ಕೈಯಿಂದ ತಿದ್ದಿ, ಡಿಎನ್‌ಎಸ್ ಅನ್ನು ಕೇಳಿ ನೋಡುವ ಎನ್‌ಎಸ್‌ಲುಕಪ್ ಕಮಾಂಡ್‌ನಲ್ಲಿ ನೋಡಿಕೊಂಡರೆ ಸಾಕಾ?

ಸಾಕಾಗಲ್ಲ. ನಾನೂ ಹಾಗೇ ಮಾಡಿ ಕೆಟ್ಟವನು.

ಹುಬ್ಬಳ್ಳಿಯಲ್ಲೊಂದು ಸಣ್ಣ ಆಫೀಸು. ಅಕೌಂಟ್ಸ್ ಫೈಲುಗಳೆಲ್ಲ ಒಂದು ವಿಂಡೋಸ್ ಸರ್ವರ್‌ನಲ್ಲಿ. ಅದರ ಐಪಿ ಬದಲಾಯಿಸಿದೆ, ಸರ್ವರ್ ತಾನಾಗಿಯೇ ಡಿಎನ್‌ಎಸ್‌ನಲ್ಲಿ ನೋಂದಾಯಿಸಬೇಕಿದ್ದ ಹೊಸ ಐಪಿ ಅಲ್ಲಿಗೆ ಬರಲೇ ಇಲ್ಲ. ಯಾಕೆ ಬರಲಿಲ್ಲ ಅಂತ ಕೇಳಲೇ ಇಲ್ಲ. ಹಳೇ ಎ ರೆಕಾರ್ಡ್ (ಹೆಸರಿಗೆ ಐಪಿ ಜೋಡಿಸುವ ಸಾಲು) ಅಳಿಸಿ ಹೊಸದನ್ನು ಕೈಯಿಂದ ಹಾಕಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಎನ್‌ಎಸ್‌ಲುಕಪ್ ಹೊಡೆದರೆ ಹೊಸ ಐಪಿ ಬಂತು. ಖುಷಿಯಾಗಿ ಮನೆಗೆ ಹೋದೆ.

ಆರು ತಿಂಗಳ ಮೇಲೆ ಮತ್ತೆ ಐಪಿ ಬದಲಾಯಿಸಿ, ಹಿಂದಿನದನ್ನು ಹೊಸ ಪ್ರಿಂಟರ್‌ಗೆ ಕೊಟ್ಟೆ. ಸೋಮವಾರ ಬೆಳಗ್ಗೆ ಯಾರಿಗೂ ಫೈಲ್ ತೆರೆಯುತ್ತಿಲ್ಲ. ಸರ್ವರ್ ಹೆಸರಿಗೆ ಪಿಂಗ್ ಮಾಡಿದರೆ ಉತ್ತರ ಬರುತ್ತಿದೆ! ಎರಡು ಗಂಟೆ ಫೈರ್‌ವಾಲ್, ಪರ್ಮಿಷನ್ ಅಂತ ಒದ್ದಾಡಿದೆ. ಡಿಎನ್‌ಎಸ್‌ನಲ್ಲಿ ಇನ್ನೂ ಹಿಂದಿನ ಐಪಿಯೇ ಇತ್ತು, ಉತ್ತರ ಕೊಡುತ್ತಿದ್ದದ್ದು ಪ್ರಿಂಟರ್.

ನಾನು ಹಾಕಿದ ರೆಕಾರ್ಡ್ ರೋಗ ಮುಚ್ಚಿಟ್ಟಿತ್ತು, ಅಷ್ಟೇ. ಲ್ಯಾಪ್‌ಟಾಪ್‌ನಲ್ಲಿ ಕೇಳಿದರೆ ನಾನೇ ಬರೆದದ್ದು ನನಗೇ ವಾಪಸ್ ಬರುತ್ತದೆ. ಅದರಿಂದ ಏನು ಗೊತ್ತಾಗುತ್ತೆ? ಸರ್ವರ್ ಮೇಲೆ ಕೂತು ಕೇಳಬೇಕಿತ್ತು. ಎನ್‌ಎಸ್‌ಲುಕಪ್ ಉತ್ತರದ ಮೊದಲ ಎರಡು ಸಾಲು ಇರುತ್ತವಲ್ಲ, ನಾವ್ಯಾರೂ ಓದದೇ ಬಿಡುವ ಸಾಲುಗಳು, ಯಾರನ್ನು ಕೇಳಿದೆ ಅನ್ನೋದು ಅಲ್ಲಿರುತ್ತದೆ. ಕೊನೆಗೆ ಅಲ್ಲಿ ಕೂತು ನೋಡಿದಾಗ 192.168.1.1, ಅಂದರೆ ರೂಟರ್. ಕೆಳಗೆ ‘ನಾನ್ ಎಕ್ಸಿಸ್ಟೆಂಟ್ ಡೊಮೇನ್’, ಅಂಥ ಹೆಸರೇ ಇಲ್ಲ ಅಂತ. ಇಂಟರ್ನೆಟ್ ಬರಲಿ ಅಂತ ನೆಟ್‌ವರ್ಕ್ ಕಾರ್ಡಿನ ಡಿಎನ್‌ಎಸ್ ಜಾಗದಲ್ಲಿ ಯಾವಾಗಲೋ ರೂಟರ್ ವಿಳಾಸ ತುಂಬಿದ್ದೆ. ರೂಟರ್‌ಗೆ ನಮ್ಮ ಆಫೀಸಿನ ಡೊಮೇನ್ ಏನು ಗೊತ್ತು? ಪಾಪ, ಸರ್ವರ್ ತನ್ನ ವಿಳಾಸ ಎಲ್ಲಿ ನೋಂದಾಯಿಸಬೇಕು?

ಕಾರ್ಡಿನಲ್ಲಿ ಆಫೀಸಿನ ಡಿಎನ್‌ಎಸ್ ಸರ್ವರ್ ವಿಳಾಸ ಮಾತ್ರ ಇಟ್ಟೆ. ಹೊರಗಿನ ಹೆಸರುಗಳಿಗೆ ಆ ಡಿಎನ್‌ಎಸ್ ಸರ್ವರ್‌ನಲ್ಲೇ ಫಾರ್ವರ್ಡರ್ ಇದೆ, ತನಗೆ ಗೊತ್ತಿಲ್ಲದ್ದನ್ನು ಹೊರಗೆ ಕೇಳಿ ತರುತ್ತದೆ. ಆಮೇಲೆ ಅಡ್ಮಿನ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಸ್ಲ್ಯಾಶ್ ರಿಜಿಸ್ಟರ್‌ಡಿಎನ್‌ಎಸ್ ಕೊಟ್ಟೆ, ವಿಳಾಸ ಮತ್ತೆ ನೋಂದಾಯಿಸು ಅಂತ. ತಪ್ಪಿದ್ದರೆ 15 ನಿಮಿಷದೊಳಗೆ ಇವೆಂಟ್ ವ್ಯೂಯರ್‌ನಲ್ಲಿ (ವಿಂಡೋಸ್‌ನ ತಪ್ಪುಗಳ ದಾಖಲೆ ತೋರಿಸುವ ಕಿಟಕಿ) ಕಾಣುತ್ತೆ ಅಂತ ಅದೇ ಹೇಳುತ್ತದೆ. ಕಂಡಿತು ಕೂಡ! ನಮ್ಮ ಡೊಮೇನ್ ರೆಕಾರ್ಡ್‌ಗಳಿರುವ ಝೋನ್ ಸೆಕ್ಯೂರ್ ಅಪ್‌ಡೇಟ್ ಮಾತ್ರ, ಅಂದರೆ ಹಕ್ಕಿದ್ದವರ ತಿದ್ದುಪಡಿ ಮಾತ್ರ ಬಿಡುತ್ತದೆ. ಅಲ್ಲಿ ನಾನು ಕೈಯಿಂದ ಹಾಕಿದ ರೆಕಾರ್ಡ್ ತಿದ್ದಲು ಸರ್ವರ್‌ಗೆ ಹಕ್ಕಿರಲಿಲ್ಲ. ನನ್ನದನ್ನು ಅಳಿಸಿ ಅದೇ ಕಮಾಂಡ್ ಮತ್ತೆ ಕೊಟ್ಟೆ, ತಾನಾಗಿಯೇ ಬಂತು.

ಹಾಗಾಗಿ ಎನ್‌ಎಸ್‌ಲುಕಪ್ ಆಪ್ಷನ್‌ಗಳನ್ನೆಲ್ಲ ಕಲಿಯುತ್ತಾ ಕೂರಬೇಡಿ. ಹೆಸರಾದ ಮೇಲೆ ಡಿಎನ್‌ಎಸ್ ಸರ್ವರ್‌ನ ಐಪಿ ಕೊಟ್ಟು ಅದನ್ನೇ ನೇರವಾಗಿ ಕೇಳಲು ಬಂದರೆ ಸಾಕು. ಮೊದಲು ಸರ್ವರ್ ಮೇಲೆ ಐಪಿಕಾನ್ಫಿಗ್ ಸ್ಲ್ಯಾಶ್ ಆಲ್ ಕೊಟ್ಟು ಡಿಎನ್‌ಎಸ್ ಸಾಲು ನೋಡಿ. ಸರಿಯಾದ ಮೇಲೂ ಕೆಲವು ಪಿಸಿ ತಾವು ನೆನಪಿಟ್ಟುಕೊಂಡ ಹಳೇ ಐಪಿಗೇ ಹೋಗಬಹುದು. ಅಲ್ಲೆಲ್ಲ ಐಪಿಕಾನ್ಫಿಗ್ ಸ್ಲ್ಯಾಶ್ ಫ್ಲಶ್‌ಡಿಎನ್‌ಎಸ್ ಕೊಡಿ, ಆ ನೆನಪು ಅಳಿಸುತ್ತದೆ. ಅಂದ ಹಾಗೆ, ಆ ಹಳೇ ಐಪಿ ಈಗ ಬೇರೆ ಯಾವುದಕ್ಕಾದರೂ ಕೊಟ್ಟಿದ್ದೀರಾ?